ಗುಜರಿ ಕಬ್ಬಿಣದ ನ್ಯಾಯ

ಹರಿದದ್ದನ್ನ ಹೊಲಿದುಕೊಳ್ಳೋದು, ಮುರಿದದ್ದನ್ನ ಕಟ್ಟಿಕೊಳ್ಳೋದು ನಮಗೆ ಹೊಸದಲ್ಲ. ಹೊಸದಾಗಿರೋದು ಅದಕ್ಕೆ ಸಿಗುತ್ತಿರುವ ಹೊಗಳಿಕೆ. ಬಡವನೊಬ್ಬ ಹಳೇ ಸೈಕಲ್ಲಿನ ಚಕ್ರ ಬಿಚ್ಚಿ ಎಡೆಕುಂಟೆ ಮಾಡಿಕೊಂಡರೆ ಈಗ ಅದರ ಫೋಟೋ ತೆಗೀತಾರೆ, ವೇದಿಕೆಗೆ ಕರೆದು ಶಾಲು ಹೊದಿಸ್ತಾರೆ. 'ಜುಗಾಡ್' ಅನ್ನೋ ಹಿಂದಿ ಮಾತು 2012ರಲ್ಲಿ ಒಂದು ಇಂಗ್ಲಿಷ್ ಪುಸ್ತಕದ ಹೆಸರಿನಲ್ಲೇ ಸೇರಿಕೊಂಡು, ಕಂಪನಿ ನಡೆಸೋರಿಗೆ ಬಡವರ ಉಪಾಯಗಳನ್ನು ಪಾಠ ಹೇಳಿತು. ಆಗಲಿ. ಆದರೆ ನಮ್ಮದೊಂದು ಪ್ರಶ್ನೆ ಇದೆ. ಗುಜರಿಯಿಂದ ಬೇಸಾಯದ ಸಾಮಾನು ಮಾಡಿಕೊಳ್ಳುವ ನಮ್ಮ ಜನರ ಜಾಣತನಕ್ಕೆ ನಾವು ಹೆಮ್ಮೆಪಡಬೇಕೋ, ಆ ಜಾಣತನ ಬೇಕಾಗಿ ಬಂದದ್ದಕ್ಕೆ ಸಿಟ್ಟಾಗಬೇಕೋ?

ಮೊದಲು ಸಾಮಾನನ್ನೇ ನೋಡೋಣ. ನೋಡದೆ ಮಾತಾಡೋದು ಪಂಡಿತರ ಚಾಳಿ. ಸೈಕಲ್ ಎಡೆಕುಂಟೆಗೆ ಬೇಕಾದದ್ದು ಹಳೇ ಸೈಕಲ್ಲಿನ ಮುಂದಿನ ಚಕ್ರ, ಅದನ್ನು ಹಿಡಿದ ಕವೆ, ಒಂದು ಹ್ಯಾಂಡಲ್ಲು, ಒಂದಷ್ಟು ಕಬ್ಬಿಣದ ಪಟ್ಟಿ, ವೆಲ್ಡಿಂಗ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು. ಚಕ್ರದ ಹಿಂದೆ ಅಲಗು ಕೂರುತ್ತೆ. ದೂಡಿಕೊಂಡು ಹೋದರೆ ಎರಡು ಸಾಲಿನ ನಡುವೆ ಮೇಲ್ಮಣ್ಣು ಕೆರೆದು ಎಳೇ ಕಳೆಯ ಬೇರು ಕತ್ತರಿಸುತ್ತೆ. ಅಲಗಿನ ಓರೆ ಹೆಚ್ಚಾದರೆ ನೆಲ ಕಚ್ಚಿಕೊಂಡು ಮುಂದೆ ಹೋಗಲ್ಲ. ಕಡಿಮೆಯಾದರೆ ಕಳೆಯ ತಲೆ ಸವರಿ ಜಾರಿಹೋಗುತ್ತೆ. ಬಿತ್ತನೆ ಸಾಲಾಗಿರಬೇಕು, ಮಣ್ಣು ಹದವಾಗಿರಬೇಕು, ಕಳೆ ಎಳೆಯದಾಗಿರಬೇಕು. ಇಷ್ಟೂ ಗೊತ್ತಿದ್ದವರ ಕೈಯಲ್ಲೇ ಅದು ಕೆಲಸ ಮಾಡೋದು.

ಕುಡುಗೋಲು, ಕುಂಟೆಯ ಅಲಗುಗಳಿಗೆ ಲಾರಿ ಅಡಿಯ ಸ್ಪ್ರಿಂಗ್ ಪಟ್ಟಿ ಬಲು ಬೇಡಿಕೆಯ ಗುಜರಿ. ಅದನ್ನ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು, ಅಲಗು ತೆಗೆದು, ಮತ್ತೆ ಕಾಯಿಸಿ ಅದ್ದಬೇಕು. ಹದ ಮೀರಿದರೆ ಗಾಜಿನ ಹಾಗೆ ಸಿಡಿಯುತ್ತೆ. ಹದ ಸಾಲದಿದ್ದರೆ ಕಲ್ಲಿಗೆ ತಾಗಿ ಮಡಚಿಕೊಳ್ಳುತ್ತೆ. ಕಾದ ಕಬ್ಬಿಣದ ಬಣ್ಣ ನೋಡಿಯೇ ಹದ ಹೇಳುವ ಕಣ್ಣು ನಮ್ಮ ಕಮ್ಮಾರನದು. ಕಾಲೇಜಿನ ಪುಸ್ತಕ ಇದನ್ನೇ ಇಂಗಾಲದ ಲೆಕ್ಕದಲ್ಲಿ ಹೇಳುತ್ತೆ: ಸ್ಪ್ರಿಂಗ್ ಉಕ್ಕಿನಲ್ಲಿ ನೂರಕ್ಕೆ ಅರ್ಧಕ್ಕಿಂತ ತುಸು ಹೆಚ್ಚು ಇಂಗಾಲ ಇರುತ್ತೆ, ಅದಕ್ಕೇ ಗಟ್ಟಿಯಾಗುತ್ತೆ, ಸಾದಾ ಕಬ್ಬಿಣದ ಪಟ್ಟಿಯಲ್ಲಿ ಅಷ್ಟಿರಲ್ಲ. ಪುಸ್ತಕದವನು ಹೇಳಿದರೆ ವಿಜ್ಞಾನ, ಕುಲುಮೆಯವನು ಮಾಡಿದರೆ ಕುಲಕಸುಬು! ನಮ್ಮ ಮನೆಗಳಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನಾವು ಈ ಮೋಸವನ್ನು ಮೊದಲು ಗುರುತಿಸಬೇಕು.

ಈ ವಿದ್ಯೆ ಕಬ್ಬಿಣದಿಂದ ಶುರುವಾದದ್ದೂ ಅಲ್ಲ. ಪಂಪ್‌ಸೆಟ್ ಬರೋಕೆ ಮುಂಚೆ ಬಾವಿಯ ನೀರನ್ನ ಎತ್ತುಗಳು ಕಪಿಲೆಯಲ್ಲಿ ಎಳೀತಿದ್ವು. ಆ ಕಪಿಲೆಯ ತೊಗಲ ಬಾನಿ, ಎಳೆಯುವ ಮಿಣಿ, ಬಾರುಕೋಲಿನ ಬಾರು, ಕುಲುಮೆಯ ತಿದಿಯ ತೊಗಲು, ಇವೆಲ್ಲ ಎಲ್ಲಿಂದ ಬಂದವು? ಊರವರು ಮೂಗು ಮುಚ್ಚಿಕೊಂಡು ಹೊರಗೆ ಹಾಕಿಸಿದ ಸತ್ತ ದನದಿಂದ. ಮಾದಿಗರ ಕೇರಿ ಅದನ್ನ ಸುಲಿದು, ಸುಣ್ಣದಲ್ಲಿ ನೆನೆಸಿ, ತಂಗಡಿ ತೊಗಟೆಯಲ್ಲಿ ಹದ ಮಾಡಿ, ಹೊಲಿದು ಊರಿಗೆ ವಾಪಸ್ ಕೊಟ್ಟಿತು. ಬೇಡವೆಂದು ಬಿಸಾಡಿದ್ದರಿಂದ ಬೇಸಾಯ ನಡೆಸುವ ಈ ವಿದ್ಯೆಗೆ ಆಗ ಯಾರೂ ಶಾಲು ಹೊದಿಸಲಿಲ್ಲ. ನಮ್ಮವರು ಹೊಲಿದ ಬಾನಿ ಬಾವಿಗೆ ಇಳೀತಿತ್ತು. ಹೊಲಿದ ಕೈ ಇಳಿಯುವಂತಿರಲಿಲ್ಲ. ಆ ಬಾನಿಯ ನೀರು ಕುಡಿದು ಬೆಳೆದ ಭತ್ತಕ್ಕೆ ಮೈಲಿಗೆ ಇರಲಿಲ್ಲ; ಬಾನಿ ಮಾಡಿದವನ ನೆರಳಿಗೆ ಇತ್ತು. ಆಯುಧಪೂಜೆ ದಿನ ನೇಗಿಲಿಗೆ ಕುಂಕುಮ, ನೇಗಿಲು ಹಿಡಿದವನಿಗೆ ತೆಂಗಿನ ಚಿಪ್ಪಿನಲ್ಲಿ ನೀರು! ಕೈಯನ್ನ ಬಿಟ್ಟು ಕೈಯ ಕೆಲಸವನ್ನಷ್ಟೇ ತೆಗೆದುಕೊಳ್ಳೋದು ಜಾತಿಯ ಹಳೇ ವಿದ್ಯೆ. ಜಾತಿ ಅಂದರೆ ಕೆಲಸ ಹಂಚಿಕೊಂಡಿರೋ ವ್ಯವಸ್ಥೆ ಅಷ್ಟೇ ಅನ್ನುವ ವಾದದ ಮುಖವಾಡವನ್ನ ಬಾಬಾಸಾಹೇಬರು 1936ರಲ್ಲೇ ಕಿತ್ತುಹಾಕಿದರು. ಕಪಿಲೆ ಬಾನಿ ಅದಕ್ಕೆ ಸಾಕ್ಷಿ.

ನಮ್ಮ ಕೈಗೆ ಹಾಳುಮೂಳೇ ಯಾಕೆ ಬಂತು ಅನ್ನೋದಕ್ಕೂ ಕಾರಣ ಇದೆ. ಅದು ಹಣೆಬರಹ ಅಲ್ಲ, ಬರೆದಿಟ್ಟ ಕಾನೂನು. ಮನುಸ್ಮೃತಿಯ ಹತ್ತನೇ ಅಧ್ಯಾಯ ಚಂಡಾಲರಿಗೆ ಒಡೆದ ಪಾತ್ರೆ, ಹೆಣದ ಮೇಲಿನ ಬಟ್ಟೆ, ಕಬ್ಬಿಣದ ಒಡವೆ ಅಂತ ವಿಧಿಸುತ್ತೆ. ಅದೇ ಅಧ್ಯಾಯ ಶೂದ್ರ ಶಕ್ತನಾದರೂ ಆಸ್ತಿ ಕೂಡಿಸಬಾರದು ಅನ್ನುತ್ತೆ. ಗುಜರಿಯನ್ನ ನಾವು ಆರಿಸಿಕೊಂಡದ್ದಲ್ಲ, ನಮಗೆ ಗೊತ್ತು ಮಾಡಿದ್ದು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಆ ಪುಸ್ತಕಕ್ಕೆ ಬೆಂಕಿ ಬಿತ್ತು. ಆದರೆ ಆ ಲೆಕ್ಕಾಚಾರ ಇನ್ನೂ ಬೂದಿಯಾಗಿಲ್ಲ.

ಹಾಗಾದರೆ ಈ ಸಾಮಾನುಗಳನ್ನ ಬಿಸಾಡಿಬಿಡೋಣವೇ? ಇಲ್ಲಿ ತಡೆದು ಯೋಚಿಸಬೇಕು. ಕೆಲವು ಗೆಳೆಯರು ಕೇಳ್ತಾರೆ: 'ಎತ್ತು ಎಳೆಯೋದನ್ನ ಮನುಷ್ಯ ದೂಡೋದು ಅಂದರೆ ಮನುಷ್ಯನನ್ನೇ ಎತ್ತು ಮಾಡಿದ ಹಾಗಲ್ಲವಾ?' ಮಾತು ಸುಳ್ಳಲ್ಲ. ಆದರೆ ಎಕರೆ ನೆಲ ಇದ್ದು ಎತ್ತಿಲ್ಲದವನ ಪಾಡು ಗೊತ್ತಿದ್ದವರಿಗೆ ಇನ್ನೊಂದು ಮಗ್ಗುಲೂ ಗೊತ್ತು. ಅವನು ಧಣಿಯ ಹಟ್ಟಿ ಮುಂದೆ ನಿಂತು ಎತ್ತು ಕೇಳಬೇಕು. ಒಂದು ದಿನದ ಎತ್ತಿಗೆ ಹಲವು ದಿನದ ಮೈ ಕೊಡಬೇಕು. ಮಳೆ ಬಿದ್ದಾಗ ಮೊದಲು ಧಣಿ ಹೊಲ, ಕೊನೆಗೆ ಇವನದು. ಅಷ್ಟರಲ್ಲಿ ಹದ ಆರಿಹೋಗಿರುತ್ತೆ. ಒಂದು ಹಳೇ ಚಕ್ರ ಅವನನ್ನ ಆ ಬಾಗಿಲಿನಿಂದ ಬಿಡಿಸುತ್ತೆ ಅಂದರೆ, ಅದು ದೂಡುವ ಬೆವರಿಗೆ ಬೇರೆ ಬೆಲೆ ಇದೆ. ಬೇಡುವ ಸುಖಕ್ಕಿಂತ ದೂಡುವ ದಣಿವು ಮೇಲು.

ಇನ್ನೊಂದು ತೊಡಕು ಹೆಂಗಸರದು. ಕಳೆ ತೆಗೆಯೋದು ನಮ್ಮ ಅವ್ವಂದಿರ, ಅಕ್ಕಂದಿರ ಕೂಲಿ. ಇದೇ ಎಡೆಕುಂಟೆಯನ್ನ ದೊಡ್ಡ ಹೊಲದವನು ತಂದಿಟ್ಟರೆ ಅಷ್ಟು ಹೆಂಗಸರ ಕೂಲಿ ಹೋಯ್ತು. ಅದೇ ಎಡೆಕುಂಟೆ ಕೂಲಿಕಾರ್ತಿಯ ಸ್ವಂತ ಅರ್ಧ ಎಕರೆಗೆ ಬಂದರೆ ಬಗ್ಗಿ ಬಗ್ಗಿ ಬಿಲ್ಲಾದ ಅವಳ ಬೆನ್ನು ನೆಟ್ಟಗಾಯ್ತು. ಕಬ್ಬಿಣ ಅದೇ, ಚಕ್ರ ಅದೇ. ಒಂದು ಕಡೆ ಅನ್ನ ಕಿತ್ತುಕೊಳ್ಳುತ್ತೆ, ಇನ್ನೊಂದು ಕಡೆ ಬೆನ್ನು ಉಳಿಸುತ್ತೆ. ಅಂದಮೇಲೆ ಒಳ್ಳೇದು ಕೆಟ್ಟದ್ದು ಸಾಮಾನಿನಲ್ಲಿಲ್ಲ. ಯಾರ ಕೈಯಲ್ಲಿದೆ, ಯಾರ ನೆಲದ ಮೇಲಿದೆ ಅನ್ನೋದರಲ್ಲಿದೆ.

ನೆಲದ ಮಾತು ಬಂದರೆ ಹೊಗಳುವ ಬಾಯಿಗಳು ಮುಚ್ಚಿಕೊಳ್ಳುತ್ತವೆ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿದಾರನನ್ನ ಒಡೆಯನನ್ನಾಗಿ ಮಾಡಿತು, ದೊಡ್ಡ ಕೆಲಸವೇ. ಆದರೆ ಗೇಣಿಗೂ ನೆಲ ಸಿಗದೆ ಜೀತಕ್ಕಿದ್ದವನು, ಕೂಲಿಗೆ ಹೋದವನು ಯಾವ ಆಧಾರದ ಮೇಲೆ ಅರ್ಜಿ ಹಾಕಬೇಕಿತ್ತು? ನಮಗೆ ಮಂಜೂರಾದ ನೆಲ ಪರರ ಪಾಲಾಗದಿರಲಿ ಅಂತ 1978ರಲ್ಲಿ ಕಾಯ್ದೆ ಬಂತು. 2020ರ ತಿದ್ದುಪಡಿ ಬೇಸಾಯಗಾರರಲ್ಲದವರೂ ದುಡ್ಡಿದ್ದರೆ ಸಾಗುವಳಿ ಜಮೀನು ಕೊಳ್ಳಬಹುದು ಅಂತ ಬಾಗಿಲು ತೆರೆಯಿತು. 2014-15ರಲ್ಲಿ ಶುರುವಾದ ಕೇಂದ್ರದ ಯಾಂತ್ರೀಕರಣ ಯೋಜನೆಯಲ್ಲಿ ಪರಿಶಿಷ್ಟರಿಗೆ ಹೆಚ್ಚಿನ ಸಹಾಯಧನ ಇದೆ ನಿಜ. ಅರ್ಜಿಯ ಜೊತೆ ಪಹಣಿ ಕೇಳ್ತಾರೆ. ಪಹಣಿಯೇ ಇಲ್ಲದವನಿಗೆ ಸಹಾಯಧನ ಎಲ್ಲಿಂದ? ಅವನು ಮತ್ತೆ ಗುಜರಿ ಅಂಗಡಿಗೆ ಹೋಗ್ತಾನೆ. ಆಗ ಫೋಟೋ ತೆಗೆಯುವವರು ಬರ್ತಾರೆ.

ಹೀಗಾಗಿ ನಮ್ಮ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರ ಇದು: ಜಾಣತನ ನಮ್ಮದು, ಕೊರತೆ ಅವರು ಹೇರಿದ್ದು. ಮೊದಲನೆಯದಕ್ಕೆ ಹೆಮ್ಮೆ, ಎರಡನೆಯದಕ್ಕೆ ಸಿಟ್ಟು. ಎರಡೂ ಒಟ್ಟಿಗೇ ಇರಬೇಕು. ಬರೀ ಹೆಮ್ಮೆ ಇದ್ದರೆ 'ಇವರು ಹೇಗಾದರೂ ಬದುಕ್ತಾರೆ ಬಿಡಿ' ಅನ್ನುವವನ ಜೇಬಿಗೆ ನಾವೇ ಬಿದ್ದ ಹಾಗೆ. ಬರೀ ಸಿಟ್ಟಿದ್ದರೆ ನಮ್ಮ ಹಿರೀಕರ ಕೈಯಲ್ಲಿದ್ದ ವಿದ್ಯೆಯನ್ನ ನಾವೇ ತಿಪ್ಪೆಗೆ ಎಸೆದ ಹಾಗೆ.

ಹಳ್ಳಿಯ ಮೇಷ್ಟರುಗಳೇ, ನಿಮ್ಮಿಂದ ಆಗುವ ಕೆಲಸ ಒಂದಿದೆ. ವಿಜ್ಞಾನದ ಪಾಠಕ್ಕೆ ಒಂದು ದಿನ ಮಕ್ಕಳನ್ನ ಕುಲುಮೆಗೆ, ವೆಲ್ಡಿಂಗ್ ಅಂಗಡಿಗೆ, ಕೇರಿಗೆ ಕರೆದುಕೊಂಡು ಹೋಗಿ. ಎಡೆಕುಂಟೆಯನ್ನ ಅಳತೆ ಸಮೇತ ಬರೆಸಿ, ಮಾಡಿದವರ ಹೆಸರನ್ನ ಅದರ ಕೆಳಗೆ ಬರೆಸಿ. ಅವರು ಹೆಂಗಸಾಗಿದ್ದರೆ ಆ ಹೆಸರನ್ನೇ ಬರೆಸಿ, ಗಂಡನದ್ದಲ್ಲ. ವಿದ್ಯಾರ್ಥಿ ಗೆಳೆಯರೇ, ಹಿಡಿಯ ಎತ್ತರವನ್ನ ದೂಡುವವಳ ಸೊಂಟಕ್ಕೆ ಸರಿಯಾಗಿ ಇಡೋದು ಮನೆಯಲ್ಲಿ ಮಾಡಿದ ಸಾಮಾನಿನಲ್ಲಿ ಸುಲಭ. ಅದನ್ನ ಅವಳನ್ನೇ ಕೇಳಿ ಮಾಡಿ. ಒಬ್ಬೊಬ್ಬರಿಗೆ ಒಂದೊಂದು ಬೇಕಿಲ್ಲ, ಕೇರಿಗೆ ಎರಡು ಮೂರು ಇದ್ದರೆ ಸರದಿಯಲ್ಲಿ ನಡೆಯುತ್ತೆ. ಸಂಘಟನೆಯ ಗೆಳೆಯರೇ, ಇಂಥ ಸಾಮಾನು ಕಂಡಾಗ ಮೆಚ್ಚುವ ಮೊದಲು ಒಂದು ಮಾತು ಕೇಳಿ: ಇದನ್ನ ಎಲ್ಲಿ ಓಡಿಸ್ತೀಯಣ್ಣಾ, ಯಾರ ಹೊಲದಲ್ಲಿ? ಅವನು ಕೊಡುವ ಉತ್ತರದಿಂದ ನಮ್ಮ ಕೆಲಸ ಶುರುವಾಗಲಿ.