ಮೂಗುತಿಗೆ ಬೇಕಾದ ಧೈರ್ಯ

ಧೈರ್ಯವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣೆದುರು ನಿಲ್ಲುವವರು ಗಡಿ ಕಾಯುವ ಯೋಧರು, ಉರಿಯುವ ಮನೆಯೊಳಕ್ಕೆ ನುಗ್ಗುವ ಅಗ್ನಿಶಾಮಕ ದಳದವರು, ವಿಶ್ವಾಸಕ್ಕಾಗಿ ಪ್ರಾಣ ತೆತ್ತ ರಕ್ತಸಾಕ್ಷಿಗಳು. ಅಕ್ಕಸಾಲಿಗನ ಅಂಗಡಿಯಲ್ಲಿ ಕುಳಿತು ಮೂಗು ಚುಚ್ಚಿಸಿಕೊಳ್ಳುತ್ತಿರುವ ಹೆಣ್ಣುಮಗಳು ಆ ಸಾಲಿನಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಮಕ್ಕಳಿಗೆ ನಾವು ಹೇಳುವ ಕಥೆಗಳಲ್ಲಿಯೂ ಧೈರ್ಯದ ಹಿಂದೆ ಯಾವಾಗಲೂ ಒಂದು ದೊಡ್ಡ ಕಾರಣವಿರುತ್ತದೆ. ಪ್ರಿಯ ವಾಚಕರೇ, ಕಾರಣ ಚಿಕ್ಕದಾದರೆ ಧೈರ್ಯವೂ ಚಿಕ್ಕದಾಗಿಬಿಡುತ್ತದೆಯೇ?

ನಿಮ್ಮದೇ ಮನೆಯಲ್ಲಿ, ಇಲ್ಲವೇ ನೆರೆಮನೆಯಲ್ಲಿ ಇಂಥವಳೊಬ್ಬಳಿದ್ದಾಳೆಂದು ಭಾವಿಸಿಕೊಳ್ಳಿ. ಶಾಲೆಗೆ ಲಸಿಕೆ ಹಾಕುವವರು ಬಂದ ದಿನ ಸಾಲಿನಲ್ಲಿ ನಿಂತಲ್ಲೇ ಎಚ್ಚರ ತಪ್ಪಿ ಬಿದ್ದವಳು. ಜ್ವರ ಬಂದು ರಕ್ತ ಪರೀಕ್ಷೆಯಾಗಬೇಕೆಂದರೆ ಇಬ್ಬರು ಹಿಡಿದುಕೊಳ್ಳಬೇಕಾಗಿದ್ದವಳು. ಈಗ ಆಕೆಗೆ ಇಪ್ಪತ್ತೈದು ವರ್ಷ, ಸ್ವಂತ ದುಡಿಮೆಯಿದೆ. ಅಜ್ಜಿಯ ಮೂಗಿನ ಮೇಲೆ ಬಾಲ್ಯದಿಂದ ನೋಡುತ್ತ ಬಂದ ಕೆಂಪು ಹರಳಿನ ಮೂಗುಬೊಟ್ಟು ತನಗೂ ಬೇಕೆಂಬ ಆಸೆ. ಹಾಕಿಕೊಳ್ಳೆಂದು ಯಾರೂ ಒತ್ತಾಯಿಸಿಲ್ಲ, ಬೇಡವೆಂದೂ ಹೇಳಿಲ್ಲ. ಎರಡು ಸಲ ಅಂಗಡಿಯ ಬಾಗಿಲಿನವರೆಗೆ ಹೋಗಿ ಹಿಂದಿರುಗಿದ್ದಾಳೆ. ಮೂರನೆಯ ಸಲ ಒಳಗೆ ಹೋಗಿ, ಕುಳಿತು, ಚುಚ್ಚಿಸಿಕೊಂಡು ಬಂದಿದ್ದಾಳೆ. ಮನೆಗೆ ಬಂದಾಗ ಸೋದರಮಾವ ನಗುತ್ತ ಅನ್ನುತ್ತಾರೆ: "ರಕ್ತ ಪರೀಕ್ಷೆಗೆ ಕರೆದರೆ ಅಳುತ್ತಿದ್ದವಳಿಗೆ, ಒಡವೆ ಎಂದೊಡನೆ ಸೂಜಿಯೇ ಹೂವಾಯಿತು ನೋಡಿ!"

ಎಲ್ಲರೂ ನಗುತ್ತಾರೆ. ಮಾವನದು ಕೆಟ್ಟ ಮನಸ್ಸಲ್ಲ. ಇಂಥ ಮಾತು ಆಡದ ಮನೆಯೇ ಇರಲಾರದು. ಆದರೂ ಆ ಒಂದು ವಾಕ್ಯದಲ್ಲಿ ಎರಡು ತೀರ್ಪುಗಳು ಅಡಗಿವೆ. ಮೊದಲನೆಯದು, ಇಷ್ಟು ದಿನದ ಭಯ ನಟನೆಯಾಗಿತ್ತು ಎಂಬುದು. ಎರಡನೆಯದು, ಭಯ ನಿಜವೇ ಆಗಿದ್ದರೂ ಅದನ್ನು ಗೆದ್ದದ್ದು ಬರಿಯ ಒಡವೆಗಾಗಿ, ಆದ್ದರಿಂದ ಆ ಗೆಲುವಿಗೆ ಬೆಲೆಯಿಲ್ಲ ಎಂಬುದು.

ಮೊದಲ ತೀರ್ಪನ್ನು ವೈದ್ಯಶಾಸ್ತ್ರವೇ ತಳ್ಳಿಹಾಕುತ್ತದೆ. ಹಾವನ್ನೋ ಎತ್ತರವನ್ನೋ ಕಂಡು ಹೆದರುವವರ ಎದೆ ಡವಗುಟ್ಟುತ್ತದೆ, ನಾಡಿ ಏರುತ್ತದೆ; ಅವರು ಓಡಬಲ್ಲರು. ಸೂಜಿಗೂ ರಕ್ತಕ್ಕೂ ಹೆದರುವವರಲ್ಲಿ ಅನೇಕರಿಗೆ ಆಗುವುದು ಬೇರೆ. ಮೊದಲು ಕ್ಷಣಕಾಲ ನಾಡಿಯೂ ರಕ್ತದೊತ್ತಡವೂ ಏರುತ್ತವೆ. ಮರುಕ್ಷಣವೇ ಎರಡೂ ಕುಸಿಯುತ್ತವೆ. ಮಿದುಳಿಗೆ ರಕ್ತ ಸಾಲದೆ ಕಣ್ಣು ಮಂಜಾಗುತ್ತದೆ, ಮೈ ಬೆವರುತ್ತದೆ, ಮನುಷ್ಯ ಕುಸಿದು ಬೀಳುತ್ತಾನೆ. ಅಮೆರಿಕದ ಮನೋವೈದ್ಯರ ಸಂಘ 1994ರ ತನ್ನ ಕೈಪಿಡಿಯಲ್ಲಿ ಈ ಭಯವನ್ನು ಒಂದು ಪ್ರತ್ಯೇಕ ಬಗೆಯಾಗಿಯೇ ಗುರುತಿಸಿತು. ಇದು ರಕ್ತಸಂಬಂಧಿಗಳಲ್ಲಿ ಒಟ್ಟೊಟ್ಟಿಗೆ ಕಾಣಿಸಿಕೊಳ್ಳುವುದೂ ಸಾಮಾನ್ಯ. ನಗುವ ಮಾವನೇ ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನು ತಿಂಗಳಿನಿಂದ ಮುಂದೂಡುತ್ತಿದ್ದರೆ ನಾವು ಆಶ್ಚರ್ಯಪಡಬೇಕಾಗಿಲ್ಲ. ಅಲ್ಲದೆ ಇದು ಅಪರೂಪವೂ ಅಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2019ರ ಒಂದು ಸಮೀಕ್ಷೆಯ ಪ್ರಕಾರ ಹರೆಯದ ತರುಣ ತರುಣಿಯರಲ್ಲಿ ಶೇಕಡ 20ರಿಂದ 30ರಷ್ಟು ಮಂದಿಗೆ ಸೂಜಿಯ ಭಯವಿದೆ. ನಮ್ಮ ದೇವಾಲಯದ ಒಂದು ಬೆಂಚಿನಲ್ಲಿ ಐದು ಮಂದಿ ಯುವಜನರು ಕುಳಿತಿದ್ದರೆ ಅವರಲ್ಲಿ ಒಬ್ಬರಾದರೂ ಇಂಥವರು ಇದ್ದಾರು.

ಆದ್ದರಿಂದ ಭಯ ನಟನೆಯಲ್ಲ. ಉಳಿಯುವುದು ಎರಡನೆಯ ತೀರ್ಪು. ಅದು ಅಷ್ಟು ಸುಲಭವಾಗಿ ಬಗೆಹರಿಯುವಂಥದ್ದಲ್ಲ, ಏಕೆಂದರೆ ಅದರ ಬೆನ್ನಿಗೆ ದೊಡ್ಡವರಿದ್ದಾರೆ.

ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಮೂರನೆಯ ಪುಸ್ತಕದಲ್ಲಿ ಧೈರ್ಯವನ್ನು ಅಂಜಿಕೆಗೂ ಹುಂಬತನಕ್ಕೂ ನಡುವಿನ ಸ್ಥಿತಿಯೆಂದು ವಿವರಿಸುತ್ತಾನೆ. ಆದರೆ ಆ ಹೆಸರಿಗೆ ನಿಜವಾಗಿ ತಕ್ಕವನು ಯಾರೆಂದು ಕೇಳಿದರೆ ರಣರಂಗದಲ್ಲಿ ಸಾವನ್ನು ಎದುರಿಸುವವನತ್ತ ಬೆರಳು ತೋರುತ್ತಾನೆ. ಉದಾತ್ತವಾದುದಕ್ಕಾಗಿ ನಿಲ್ಲುವುದೇ ಧೈರ್ಯ ಎಂಬುದು ಆತನ ನಿಲುವು. ಆತನ ತಕ್ಕಡಿಯಲ್ಲಿ ಮೂಗುತಿ ತೂಗಲಾರದು. ಆತನ ಗುರು ಪ್ಲೇಟೋ ಬರೆದ 'ಲಾಕೆಸ್' ಎಂಬ ಸಂವಾದ ನನಗೆ ಇನ್ನೂ ಹತ್ತಿರದ್ದೆನಿಸುತ್ತದೆ. ಇಬ್ಬರು ತಂದೆಯರು ತಮ್ಮ ಗಂಡುಮಕ್ಕಳಿಗೆ ಯಾವ ಶಿಕ್ಷಣ ಕೊಡಿಸಬೇಕೆಂದು ತಿಳಿಯದೆ ಇಬ್ಬರು ಸೇನಾನಿಗಳ ಸಲಹೆ ಕೇಳುತ್ತಾರೆ. ಮಾತು ಧೈರ್ಯದ ಕಡೆಗೆ ತಿರುಗುತ್ತದೆ. ಅಲ್ಲಿದ್ದ ಸಾಕ್ರಟೀಸನು ಯುದ್ಧದಲ್ಲಿ ಧೀರರಾದವರನ್ನು ಮಾತ್ರವಲ್ಲದೆ ರೋಗದಲ್ಲಿ, ಬಡತನದಲ್ಲಿ, ಸಮುದ್ರಯಾನದಲ್ಲಿ, ನೋವಿನೆದುರು, ಭಯದೆದುರು, ತನ್ನದೇ ಆಸೆಗಳೆದುರು ಧೀರರಾದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆನ್ನುತ್ತಾನೆ. ಸೇನಾನಿಗಳು ಹೇಳಿದ ಒಂದೊಂದು ವ್ಯಾಖ್ಯೆಯೂ ಬಿದ್ದುಹೋಗಿ, ಧೈರ್ಯವೆಂದರೇನೆಂದು ಯಾರಿಗೂ ಹೇಳಲಾಗದೆಯೇ ಸಂವಾದ ಮುಗಿಯುತ್ತದೆ. ಮಕ್ಕಳ ಚಿಂತೆಯಿಂದ ಬಂದ ತಂದೆಯರ ಪಾಡು ಏನಾಯಿತೋ!

ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಅರಿಸ್ಟಾಟಲನ ದಾರಿಯಲ್ಲೇ ನಡೆದರೂ ಒಂದು ಮುಖ್ಯ ಮಾತನ್ನು ಒತ್ತಿ ಹೇಳಿದರು. ಸ್ಥೈರ್ಯದ ಪ್ರಧಾನ ಕ್ರಿಯೆ ಮುನ್ನುಗ್ಗುವುದಲ್ಲ, ಸಹಿಸಿ ನಿಲ್ಲುವುದು. ಅಪಾಯದ ನಡುವೆ ಕದಲದೆ ಇರುವುದು ಮೇಲೆ ಬೀಳುವುದಕ್ಕಿಂತ ಕಷ್ಟ. ಸೂಜಿಯ ಮುಂದೆ ಕುಳಿತವಳಿಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಕೆ ಮಾಡಬೇಕಾದುದು ಏನೂ ಇಲ್ಲ. ಅಲುಗಾಡದೆ ಕುಳಿತಿರಬೇಕು, ಅಷ್ಟೇ. ಕಷ್ಟವಿರುವುದೂ ಅಲ್ಲಿಯೇ.

ಈಗ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ನೀವು ಒಪ್ಪದೆ ಇರಬಹುದು. ಜ್ವರದಲ್ಲಿ ಚುಚ್ಚುಮದ್ದು ತೆಗೆದುಕೊಳ್ಳುವವಳಿಗೆ ಅವಶ್ಯಕತೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ವೈದ್ಯರು ಹೇಳಿದ್ದಾರೆ, ಅಮ್ಮ ಪಕ್ಕದಲ್ಲಿ ನಿಂತಿದ್ದಾರೆ, ಬೇಡವೆಂದರೆ ಕಾಯಿಲೆ ಉಲ್ಬಣಿಸುತ್ತದೆ. ಅಲ್ಲಿ ಮನಸ್ಸಿಗೆ ಆಯ್ಕೆಯೇ ಕಡಿಮೆ. ಮೂಗು ಚುಚ್ಚಿಸಿಕೊಳ್ಳುವವಳಿಗೆ ಇಂಥ ಯಾವ ಆಸರೆಯೂ ಇಲ್ಲ. ಯಾವ ಗಳಿಗೆಯಲ್ಲಾದರೂ ಎದ್ದು ಹೊರಟರೆ ಆಕೆ ಕಳೆದುಕೊಳ್ಳುವುದು ಏನೂ ಇಲ್ಲ, ಕೇಳುವವರೂ ಇಲ್ಲ. ಬಾಗಿಲು ತೆರೆದೇ ಇದೆ. ಕಾರಣ ದೊಡ್ಡದಾದಷ್ಟೂ ಅದು ನಮ್ಮನ್ನು ತಾನೇ ಎತ್ತಿಕೊಂಡು ಹೋಗುತ್ತದೆ. ಚಿಕ್ಕ ಕಾರಣಕ್ಕೆ ಆ ಬಲವಿಲ್ಲ, ನಾವೇ ನಡೆಯಬೇಕು. ಒಡವೆಯ ಬೆಲೆಯಿಂದ ಆಕೆಯ ಧೈರ್ಯವನ್ನು ಅಳೆಯುವವರು ತಪ್ಪು ತಕ್ಕಡಿಯನ್ನು ಹಿಡಿದಿದ್ದಾರೆ. ಎಷ್ಟು ದೂರ ಬಂದಳೆಂಬುದನ್ನು ಆಕೆ ಹೊರಟ ಜಾಗದಿಂದ ಅಳೆಯಬೇಕಲ್ಲವೇ?

"ಕಡ್ಡಾಯವಲ್ಲದ್ದು, ಆದ್ದರಿಂದ ಕ್ಷುಲ್ಲಕ" ಎಂಬ ಈ ತರ್ಕ ಒಮ್ಮೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು. ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ ತಮಿಳು ಮೂಲದ ಹಿಂದೂ ಕುಟುಂಬದ ಬಾಲಕಿಯೊಬ್ಬಳು 2004ರ ಶಾಲಾ ರಜೆಯಲ್ಲಿ ಮೂಗು ಚುಚ್ಚಿಸಿಕೊಂಡಳು. ಹುಡುಗಿ ದೊಡ್ಡವಳಾದಾಗ ಮೂಗುಬೊಟ್ಟು ಹಾಕುವುದು, ಮುಂದೆ ಅಜ್ಜಿ ಅದನ್ನು ತೆಗೆದು ವಜ್ರದ್ದನ್ನು ಕೊಡುವುದು ಆ ಮನೆಯ ಪದ್ಧತಿ. ಶಾಲೆಯ ಸಮವಸ್ತ್ರದ ನಿಯಮಕ್ಕೆ ಅದು ಹೊಂದಲಿಲ್ಲ. ಧರ್ಮ ಇದನ್ನು ಕಡ್ಡಾಯ ಮಾಡಿಲ್ಲವಲ್ಲ, ತೆಗೆದರೇನು ಎಂಬ ವಾದ ಬಂತು. 2007ರ ಅಕ್ಟೋಬರ್ 5ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಬಾಲಕಿಯ ಪರವಾಗಿ ತೀರ್ಪಿತ್ತಿತು. ಕಡ್ಡಾಯವಲ್ಲದೆ ಸ್ವಇಚ್ಛೆಯಿಂದ ಆಚರಿಸುವುದೂ ಒಬ್ಬ ವ್ಯಕ್ತಿಗೆ ಅಷ್ಟೇ ಮುಖ್ಯವಾಗಿರಬಲ್ಲದು, ಅದಕ್ಕೂ ರಕ್ಷಣೆ ಬೇಕು ಎಂಬುದು ಮುಖ್ಯ ನ್ಯಾಯಮೂರ್ತಿ ಪಯಸ್ ಲಾಂಗಾ ಅವರು ಬರೆದ ಆ ತೀರ್ಪಿನ ತಿರುಳು. ಅದು ಸೂಜಿಯ ಭಯದ ಪ್ರಕರಣವಲ್ಲ, ನಿಜ. ಆದರೆ ಮಾವನ ನಗೆಯ ಹಿಂದಿರುವ ಎಣಿಕೆಯೇ ಅಲ್ಲಿಯೂ ಇತ್ತು.

ಆದರೂ ಇದು ಅಲಂಕಾರದ ವ್ಯಾಮೋಹವಲ್ಲವೇ ಎಂದು ಕೇಳುವವರು ನಮ್ಮ ನಡುವೆ ಇದ್ದಾರೆ, ಅವರ ಕೈಯಲ್ಲಿ ವಚನಗಳೂ ಇವೆ. ಜೆರುಸಲೇಮಿನ ಸ್ತ್ರೀಯರ ಬೆಡಗನ್ನು ಖಂಡಿಸುವಾಗ ಪ್ರವಾದಿ ಯೆಶಾಯನು ಎಣಿಸುವ ಒಡವೆಗಳಲ್ಲಿ ಮೂಗುತಿಯೂ ಸೇರಿದೆ. ಜ್ಞಾನೋಕ್ತಿಗಳ ಗ್ರಂಥ ಅದನ್ನು ಹಂದಿಯ ಮೂತಿಗೆ ಹಾಕಿ ಗೇಲಿ ಮಾಡುತ್ತದೆ. ಸಂತ ಪೇತ್ರರ ಮೊದಲ ಪತ್ರವೂ ಹೊರಗಿನ ಒಡವೆಗಿಂತ ಅಂತರಂಗದ ಸೌಂದರ್ಯವನ್ನು ಮೇಲಿಡುತ್ತದೆ. ಈ ಎಚ್ಚರಿಕೆಗಳನ್ನು ತೇಲಿಸಿಬಿಡಬಾರದು. ಆದರೆ ಪುಟ ತಿರುಗಿಸಿದರೆ ಯೆಜೆಕಿಯೇಲನ ಹದಿನಾರನೆಯ ಅಧ್ಯಾಯದಲ್ಲಿ, ಬಯಲಿನಲ್ಲಿ ಎಸೆಯಲ್ಪಟ್ಟ ಕೂಸನ್ನು ಎತ್ತಿ ಬೆಳೆಸಿದ ಸರ್ವೇಶ್ವರನೇ ಆಕೆಗೆ ಮೂಗುತಿ ತೊಡಿಸುತ್ತಾನೆ. ಅಬ್ರಹಾಮನ ಸೇವಕನು ಬಾವಿಯ ಬಳಿ ಕಂಡ ರೆಬೆಕ್ಕಳಿಗೆ ಕೊಟ್ಟ ಮೊದಲ ಕಾಣಿಕೆಯೂ ಅರ್ಧ ಶೆಕೆಲ್ ತೂಕದ, ಅಂದರೆ ಐದಾರು ಗ್ರಾಮಿನ ಚಿನ್ನದ ಮೂಗುತಿ. (ನಾವು ನಮ್ಮ ನಾಡಿನ ಅನಾದಿ ಒಡವೆಯೆಂದು ತಿಳಿದಿರುವ ಇದು ನಮ್ಮ ಪ್ರಾಚೀನ ಶಿಲ್ಪಗಳಲ್ಲಿ ಕಾಣುವುದೇ ಇಲ್ಲವೆಂದು ಇತಿಹಾಸಕಾರ ಎ. ಎಸ್. ಅಳ್ತೇಕರ್ ಬರೆದಿದ್ದಾರೆ. ರೆಬೆಕ್ಕಳ ಮೂಗುತಿ ನಮ್ಮದಕ್ಕಿಂತ ಹಿರಿದಿರಬಹುದು!) ಒಂದೇ ಒಡವೆಯನ್ನು ಗ್ರಂಥ ಒಂದು ಕಡೆ ಹಳಿದು ಇನ್ನೊಂದು ಕಡೆ ಪ್ರೀತಿಯ ಕುರುಹಾಗಿಸಿದೆ. ಆದ್ದರಿಂದ ದೋಷ ಚಿನ್ನದ್ದಾಗಿರಲಾರದು.

ರೆಬೆಕ್ಕಳ ಕಥೆಯಲ್ಲಿ ಇನ್ನೊಂದು ಸಂಗತಿಯಿದೆ. ಮೂಗುತಿಯ ಹೊಳಪಿನಲ್ಲಿ ಅದು ನಮ್ಮ ಕಣ್ಣು ತಪ್ಪಿಸುತ್ತದೆ. ಮಾತುಕತೆಯೆಲ್ಲ ಮುಗಿದು ಸೇವಕನು ಹೊರಡಲು ಅವಸರಪಡಿಸಿದಾಗ ಮನೆಯವರು ತಾವೇ ಉತ್ತರ ಕೊಡದೆ ಹುಡುಗಿಯನ್ನು ಕರೆದು, ಹೋಗುತ್ತೀಯಾ ಎಂದು ಕೇಳುತ್ತಾರೆ. ಹೋಗುತ್ತೇನೆಂದು ಆಕೆಯೇ ಹೇಳುತ್ತಾಳೆ. ಅದೇ ಅಧ್ಯಾಯ, ಅದೇ ಮೂಗುತಿ, ಅದೇ ಹುಡುಗಿ.

ನಮ್ಮ ಮನೆಗಳಲ್ಲಿ ಎಷ್ಟು ಸಲ ಹಾಗೆ ಕೇಳಿದ್ದೇವೆ? ಆರೇಳು ವರ್ಷದ ಮಗುವನ್ನು ಮಡಿಲಲ್ಲಿ ಅವುಚಿ ಹಿಡಿದು, "ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂದು ಹೇಳಿ, ಆಕೆ ಕಿರುಚುತ್ತಿರುವಾಗಲೇ ಚುಚ್ಚಿಸಿ, ಆಮೇಲೆ "ಎಷ್ಟು ಧೈರ್ಯ ನನ್ನ ಮಗಳಿಗೆ!" ಎಂದು ಮುದ್ದಾಡುತ್ತೇವೆ. ಅಲ್ಲಿ ಧೈರ್ಯ ಎಲ್ಲಿಯೂ ಇರಲಿಲ್ಲ. ಹಿಡಿದವರ ತೋಳಿನ ಬಲವಿತ್ತು. ಮಗು ಕಲಿತದ್ದು ಎರಡು ಪಾಠ: ಸೂಜಿ ಬಂದಾಗ ತನ್ನ ಮಾತು ನಡೆಯುವುದಿಲ್ಲ, ದೊಡ್ಡವರು ಇರುವೆಯ ವಿಷಯದಲ್ಲಿ ಸುಳ್ಳು ಹೇಳುತ್ತಾರೆ. ಲಸಿಕೆಯಂಥ ಅಗತ್ಯಕ್ಕೆ ಮಗುವನ್ನು ಹಿಡಿಯಬೇಕಾಗಬಹುದು, ಅದು ಬೇರೆ ಮಾತು. ಅಲಂಕಾರಕ್ಕಾಗಿ ಹಿಡಿಯುವ ಹಕ್ಕು ನಮಗೆ ಎಲ್ಲಿಂದ ಬಂತು? ಮುಂದೆ ಇಪ್ಪತ್ತೈದರ ಹೆಣ್ಣು ಲಸಿಕೆಯ ಸಾಲಿನಲ್ಲಿ ಕುಸಿದಾಗ ಅದರ ಬೇರು ಕೆಲವೊಮ್ಮೆ ಇಂಥ ಮಡಿಲಿನಲ್ಲಿಯೇ ಇರಬಹುದು.

ಆದ್ದರಿಂದ ನಿಮ್ಮ ಮನೆಯ ಹೆಣ್ಣುಮಗಳು "ಭಯವಾಗುತ್ತದೆ, ಆದರೂ ಬೇಕು" ಎಂದರೆ, ಆ ಎರಡು ಮಾತನ್ನೂ ಒಟ್ಟಿಗೆ ನಂಬಿ. ನಗಬೇಡಿ, ಉಪದೇಶವನ್ನೂ ಮಾಡಬೇಡಿ. ಭಯಕ್ಕೆ ತರ್ಕ ಕೇಳಿಸುವುದಿಲ್ಲ, ದೇಹಕ್ಕೆ ಅಭ್ಯಾಸ ಕೇಳಿಸುತ್ತದೆ. ಸ್ವೀಡನ್ ದೇಶದ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರಾನ್ ಓಸ್ಟ್ ಎಂಬವರು 1980ರ ದಶಕದಲ್ಲಿ ಇದಕ್ಕೊಂದು ಸರಳ ಉಪಾಯವನ್ನು ರೂಪಿಸಿದರು. ಕುಳಿತಲ್ಲಿಯೇ ತೋಳು, ಕಾಲು, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು, ಮುಖಕ್ಕೆ ಬಿಸಿ ಏರುವವರೆಗೆ, ಬಿಗಿಹಿಡಿಯಬೇಕು. ಆಮೇಲೆ ಇಪ್ಪತ್ತು ಮೂವತ್ತು ಸೆಕೆಂಡು ಸಡಿಲಬಿಟ್ಟು ಮತ್ತೆ ಬಿಗಿಹಿಡಿಯಬೇಕು. ಹೀಗೆ ಐದು ಸಲ. ಕುಸಿಯಲಿರುವ ರಕ್ತದೊತ್ತಡವನ್ನು ಇದು ಮೇಲೆತ್ತುತ್ತದೆ. ಕೆಲವು ದಿನ ಮನೆಯಲ್ಲಿಯೇ ಅಭ್ಯಾಸ ಮಾಡಿಕೊಳ್ಳಬಹುದು, ಮುಂದೆ ರಕ್ತ ಪರೀಕ್ಷೆಗೂ ಅದು ಒದಗೀತು. ದೀರ್ಘವಾಗಿ ಉಸಿರೆಳೆದು ಮೈ ಸಡಿಲಬಿಡು ಎಂದು ನಾವೆಲ್ಲ ಕೊಡುವ ಸಲಹೆ ಎಚ್ಚರ ತಪ್ಪುವವರಿಗೆ ಅಷ್ಟಾಗಿ ಹೊಂದುವುದಿಲ್ಲ.

ಹೊಟ್ಟೆಗೆ ಸ್ವಲ್ಪ ಆಹಾರ ಹಾಕಿಕೊಂಡು ಹೋಗಲಿ. ಚುಚ್ಚುವವರಿಗೆ ಭಯದ ವಿಷಯವನ್ನು ಮೊದಲೇ ತಿಳಿಸಿ, ಒರಗಿಕೊಳ್ಳಲು ಸ್ಥಳವಿದೆಯೇ ಎಂದು ನೋಡಿಕೊಳ್ಳಿ. ಪ್ಯಾಕೆಟ್ ಒಡೆದು ತೆಗೆದ ಹೊಸ ಸೂಜಿಯಾಗಿರಲಿ; ಮೊಂಡು ಬೊಟ್ಟನ್ನು ಬಲವಂತವಾಗಿ ನೂಕುವ ಪಿಸ್ತೂಲಿನಂಥ ಯಂತ್ರ ಮೂಗಿಗೆ ತಕ್ಕುದಲ್ಲ, ಅದನ್ನು ಪೂರ್ಣವಾಗಿ ಶುದ್ಧಗೊಳಿಸುವುದೂ ಕಷ್ಟ. ನೋವಾಗುತ್ತದೆ ಎಂದೇ ಹೇಳಿ, ಒಂದೆರಡು ಕ್ಷಣದ ತೀಕ್ಷ್ಣ ನೋವು ಎಂದು. ಕಣ್ಣಿನಿಂದ ನೀರು ಬರುತ್ತದೆ ಎಂದೂ ಹೇಳಿ. ಮೂಗನ್ನು ಚುಚ್ಚಿದರೆ ನರಗಳ ಸಹಜ ಪ್ರತಿಕ್ರಿಯೆಯಿಂದ ಯಾರ ಕಣ್ಣಲ್ಲಾದರೂ ನೀರು ಬರಬಹುದು, ಅದು ಅಳುವಲ್ಲ. ಗಾಯ ಪೂರ್ತಿ ಮಾಯಲು ಹಲವು ತಿಂಗಳು ಬೇಕು, ಅಲ್ಲಿಯವರೆಗೆ ಕೈ ಮುಟ್ಟಿಸದೆ ಶುಚಿಯಾಗಿಟ್ಟುಕೊಳ್ಳಲಿ.

ಇಷ್ಟಾದ ಮೇಲೂ ಆಕೆ ಕಡೆಯ ಗಳಿಗೆಯಲ್ಲಿ ಬೇಡವೆಂದು ಎದ್ದರೆ, ಮೂಗುಬೊಟ್ಟನ್ನು ಡಬ್ಬಿಯಲ್ಲಿ ಹಾಗೆಯೇ ಮನೆಗೆ ತನ್ನಿ. ದಾರಿಯಲ್ಲಿ ಬೇರೆ ಏನಾದರೂ ಮಾತನಾಡುತ್ತ ಬನ್ನಿ.