ಜಾಯಿಂಟಿನ ಮೀಮಾಂಸೆ

ವಿಷಯ: ಮನೆಯ ಗೋಡೆಯೊಳಗೆ ಹುದುಗಿಸುವ ಪ್ಲಾಸ್ಟಿಕ್ ಪೈಪುಗಳಿಗೆ ಎಲ್ಬೊ, ಟೀ, ಕಪ್ಲರ್, ಅಡಾಪ್ಟರ್‌ಗಳನ್ನು ಆರಿಸುವ ಮತ್ತು ಕೂಡಿಸುವ ಬಗೆ. ಸಂಶಯ: ಗೋಡೆ ತೇವವಾಗದೆ ಉಳಿಯುವುದು ಪೈಪಿನ ದಪ್ಪದಿಂದಲೋ, ಜಾಯಿಂಟಿನ ಗುಣದಿಂದಲೋ? ಅಂಗಡಿಯಲ್ಲಿ ಮಾತೆಲ್ಲ ಪೈಪಿನ ಸುತ್ತಲೇ ನಡೆಯುತ್ತದೆ. ನನ್ನ ಸಿದ್ಧಾಂತವೆಂದರೆ, ಹಣವೂ ಸಮಯವೂ ಮೊದಲು ಸಲ್ಲಬೇಕಾದದ್ದು ಜಾಯಿಂಟಿಗೆ. ಪೈಪು ಕಾರ್ಖಾನೆಯಲ್ಲಿ ಪರೀಕ್ಷೆಗೊಳಗಾಗಿ ಬರುತ್ತದೆ. ಜಾಯಿಂಟು ಹುಟ್ಟುವುದು ನಮ್ಮ ಮನೆಯ ಧೂಳಿನಲ್ಲಿ, ಅವಸರದಲ್ಲಿರುವ ಒಬ್ಬರ ಕೈಯಲ್ಲಿ.

ಮೊದಲು ಆಯ್ಕೆ. ತಣ್ಣೀರಿಗೆ ಯುಪಿವಿಸಿ ಸಾಕು. ಬಿಸಿನೀರಿಗೆ ಐಎಸ್ 15778 ಗುರುತಿನ ಸಿಪಿವಿಸಿ. ಕೊಳೆನೀರಿಗೆ ಐಎಸ್ 13592ರ ಎಸ್‌ಡಬ್ಲ್ಯುಆರ್. ಅದರಲ್ಲಿ ‘ಎ’ ಮಾದರಿ ಮಳೆನೀರಿಗೂ ಗಾಳಿ ಕೊಳವೆಗೂ, ಕಕ್ಕಸಿನ ಲೈನಿಗೆ ‘ಬಿ’ ಮಾತ್ರ.

ಇಲ್ಲಿ ಬಲವಾದ ಪೂರ್ವಪಕ್ಷವೊಂದಿದೆ. ಟ್ಯಾಂಕು ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಯುಪಿವಿಸಿ 60 ಡಿಗ್ರಿಯಲ್ಲಿ ತನ್ನ ಬಲದ ಐದನೇ ಒಂದು ಪಾಲಷ್ಟೇ ಉಳಿಸಿಕೊಂಡರೂ, ಅರ್ಧ ಇಂಚಿನ ಶೆಡ್ಯೂಲ್ 40 ಪೈಪು ಅದರ ಹಲವು ಪಟ್ಟು ಒತ್ತಡ ತಡೆಯುತ್ತದೆ. ಹೀಗಿರುವಾಗ ಗೀಸರ್ ಲೈನಿಗೆ ದುಬಾರಿ ಸಿಪಿವಿಸಿ ಯಾಕೆ? ಲೆಕ್ಕ ಸರಿಯಾಗಿಯೇ ಇದೆ, ಆದರೆ 60 ಡಿಗ್ರಿಯವರೆಗೆ ಮಾತ್ರ. ಅದರಾಚೆ ಯುಪಿವಿಸಿಗೆ ಯಾವ ಅಂಕಿಯೂ ಕೊಟ್ಟಿಲ್ಲ, ಯಾಕೆಂದರೆ ಅಲ್ಲಿ ಅದನ್ನು ಬಳಸುವಂತೆಯೇ ಇಲ್ಲ. ಬೆಂಗಳೂರಿನ ತಾರಸಿಯ ಸೋಲಾರ್ ಟ್ಯಾಂಕಿನಲ್ಲಿ, ಬೇಸಿಗೆಯಲ್ಲಿ ಮನೆಯವರು ನಾಲ್ಕು ದಿನ ಊರಿಗೆ ಹೋದರೆ, ನೀರು ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಆಗ ಪೈಪು ಒಡೆಯುವುದಿಲ್ಲ. ಮೆತ್ತಗಾಗಿ ಜೋತುಬೀಳುತ್ತದೆ, ಅಡಾಪ್ಟರಿನ ಹಿಡಿತ ಸಡಿಲುತ್ತದೆ. ಸಿಪಿವಿಸಿಯಲ್ಲಿ ಎಸ್‌ಡಿಆರ್ 11 ವರ್ಗ 82 ಡಿಗ್ರಿಯಲ್ಲೂ ಸುಮಾರು 7 ಕಿಲೋ ಒತ್ತಡ ತಾಳುತ್ತದೆ. ಬಿಸಿನೀರಿಗೆ ಇದರಲ್ಲಿ ರಾಜಿ ಬೇಡ.

ಎರಡನ್ನೂ ಬೆರೆಸಿ ಕೂಡಿಸಬಹುದಲ್ಲ ಎಂಬ ಮಾತು ಅಳತೆಯೆದುರು ನಿಲ್ಲುವುದಿಲ್ಲ. ಅರ್ಧ ಇಂಚಿನ ಸಿಪಿವಿಸಿಯ ಹೊರ ವ್ಯಾಸ 15.9 ಮಿ.ಮೀ., ಶೆಡ್ಯೂಲ್ ಯುಪಿವಿಸಿಯದು 21.3. ಸಿಪಿವಿಸಿಯ ಒಳದಾರಿಯೂ ಹಳೆಯ ಕಬ್ಬಿಣದ ಜಿಐ ಪೈಪಿನದಕ್ಕಿಂತ ಕಿರಿದು. ಟ್ಯಾಂಕಿಗೆ ಹತ್ತಿರದ ಮೇಲಂತಸ್ತಿನಲ್ಲಿ ಮೊದಲೇ ಒತ್ತಡ ಕಡಿಮೆ. ಹಾಗಾಗಿ ಅಲ್ಲಿ ಮುಖ್ಯ ಲೈನು ಮುಕ್ಕಾಲು ಅಥವಾ ಒಂದು ಇಂಚಿನದಾಗಿರಲಿ, ನಲ್ಲಿಯ ಬಳಿ ರೆಡ್ಯೂಸರ್ ಹಾಕಿ ಇಳಿಸಿಕೊಳ್ಳಿ.

‘ಅಜ್ಜನ ಕಾಲದ ಜಿಐ ಪೈಪೇ ಗಟ್ಟಿ’ ಎನ್ನುವವರಿದ್ದಾರೆ. ಮೊಳೆ, ಡ್ರಿಲ್, ಇಲಿ, ಬಿಸಿಲು ಇವುಗಳೆದುರು ಕಬ್ಬಿಣವೇ ಮೇಲು, ಒಪ್ಪುತ್ತೇನೆ. ತಾರಸಿಯಲ್ಲಿ ತೆರೆದಿಟ್ಟ ಪ್ಲಾಸ್ಟಿಕ್‌ಗೆ ನೀರಿನಲ್ಲಿ ಕಲಸುವ ತಿಳಿ ಬಣ್ಣ ಬಳಿಯದಿದ್ದರೆ ಅದು ಕ್ರಮೇಣ ಪೆಡಸಾಗುತ್ತದೆ. ಆದರೆ ಬೋರ್‌ವೆಲ್‌ನ ಗಡಸು ನೀರಿನ ಊರಲ್ಲಿ ಜಿಐ ಒಳಗಿನಿಂದ ತುಕ್ಕು ಹಿಡಿದು, ಸುಣ್ಣ ಕಟ್ಟಿ ಕಿರಿದಾಗುವುದನ್ನು ತಡೆಯಲು ಉಪಾಯವಿಲ್ಲ.

ಇನ್ನು ಜಾಯಿಂಟು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಜಾಯಿಂಟಿಗೆ ಹಚ್ಚುವ ಸೊಲ್ಯೂಷನ್ನನ್ನು ಅಂಟು ಎಂದು ತಿಳಿದಿರುವುದೇ ಬಹುತೇಕ ಸೋರಿಕೆಯ ಮೂಲ. ಅದು ಪೈಪಿನ ಹೊರಮೈಯನ್ನೂ ಸಾಕೆಟ್ಟಿನ ಒಳಮೈಯನ್ನೂ ಕರಗಿಸುತ್ತದೆ. ಎರಡೂ ಬೆರೆತು, ದ್ರಾವಕ ಆರಿದ ಮೇಲೆ ಒಂದೇ ಪ್ಲಾಸ್ಟಿಕ್ ಆಗುತ್ತವೆ. ಇದಕ್ಕೆ ಎರಡು ಮೈಗಳೂ ಒತ್ತಿಕೊಂಡಿರಬೇಕು. ಅದಕ್ಕೆಂದೇ ಸಾಕೆಟ್ಟನ್ನು ಒಳಹೋದಂತೆ ಕೊಂಚ ಕಿರಿದಾಗಿ ಮಾಡಿರುತ್ತಾರೆ. ಒಣಗಿದ ಪೈಪನ್ನು ತೂರಿಸಿ ನೋಡಿ: ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗದೊಳಗೆ ಅದು ಬಿಗಿದು ನಿಲ್ಲಬೇಕು. ಸರಾಗವಾಗಿ ತಳ ಮುಟ್ಟಿದರೆ ಆ ಫಿಟ್ಟಿಂಗನ್ನು ಅಂಗಡಿಗೆ ಹಿಂದಿರುಗಿಸಿ.

ಪೈಪನ್ನು ಕಟ್ಟರ್‌ನಿಂದ ನೇರ ಕತ್ತರಿಸಿ, ಅಂಚಿನ ಚೂರು ಕೆರೆದು, ಧೂಳು ತೇವ ಒರೆಸಿ. ಸೊಲ್ಯೂಷನ್ ಪೈಪಿಗೆ ಧಾರಾಳ, ಸಾಕೆಟ್ಟಿಗೆ ತೆಳುವಾಗಿ. ತೂರಿಸುತ್ತ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಅದುಮಿ ಹಿಡಿಯಿರಿ. ಬಿಟ್ಟರೆ ಸಾಕೆಟ್ಟಿನ ಓರೆ ಪೈಪನ್ನು ಹೊರದೂಡುತ್ತದೆ. ಡಬ್ಬಿಯ ಮೇಲೆ ಸಿಪಿವಿಸಿಗೆ ಎಂದು ಬರೆದಿರದ ಸೊಲ್ಯೂಷನ್ ಸಿಪಿವಿಸಿಗೆ ಬೇಡ. ಗಂಟುಕಟ್ಟಿದ್ದನ್ನು ತೆಳು ಮಾಡಿ ಬಳಸುವುದೂ ಬೇಡ.

‘ಹೆಚ್ಚು ಹಚ್ಚಿದಷ್ಟೂ ಗಟ್ಟಿ’ ಎಂಬುದು ಇನ್ನೊಂದು ಪೂರ್ವಪಕ್ಷ. ಸಾಕೆಟ್ಟಿಗೆ ಸುರಿದ ಹೆಚ್ಚುವರಿ ಸೊಲ್ಯೂಷನ್ ಒಳಗೆ ಹರಿದು ಮಡುಗಟ್ಟುತ್ತದೆ, ಅಲ್ಲಿನ ಗೋಡೆಯನ್ನೇ ಕರಗಿಸಿ ದುರ್ಬಲಗೊಳಿಸುತ್ತದೆ. ಆ ಜಾಗ ಹೊರಗಿನಿಂದ ಕಾಣುವುದೇ ಇಲ್ಲ.

ನಲ್ಲಿ ಕೂರುವ ಕಡೆ ಹಿತ್ತಾಳೆ ಥ್ರೆಡ್ಡಿನ ಅಡಾಪ್ಟರೇ ಇರಲಿ. ಪ್ಲಾಸ್ಟಿಕ್ ಥ್ರೆಡ್ಡಿಗೆ ಲೋಹದ ನಲ್ಲಿ ಬಿಗಿದರೆ ಇಂದಲ್ಲ ನಾಳೆ ಸೀಳು. ಸಣಬಿನ ನಾರು ಸುತ್ತಿ ಪೇಂಟ್ ಬಳಿಯುವ ಜಿಐ ಕಾಲದ ರೂಢಿಯನ್ನು ಇಲ್ಲಿಗೆ ತರಬಾರದು. ನೆನೆದು ಉಬ್ಬುವ ನಾರು ಸಾಕೆಟ್ಟನ್ನು ಅಗಲಿಸುತ್ತದೆ, ಎಣ್ಣೆಯ ಅಂಶ ಸಿಪಿವಿಸಿಯಲ್ಲಿ ಬಿರುಕು ಹುಟ್ಟಿಸುತ್ತದೆ. ಟೆಫ್ಲಾನ್ ಟೇಪ್ ಸಾಕು.

ಬಿಸಿನೀರಿನ ಲೈನು ಉದ್ದವಾಗುತ್ತದೆ ಎಂಬುದನ್ನೂ ಮರೆಯಬಾರದು. ಹತ್ತು ಮೀಟರ್ ಸಿಪಿವಿಸಿ 40 ಡಿಗ್ರಿ ಬಿಸಿಯೇರಿದರೆ ಸುಮಾರು 26 ಮಿ.ಮೀ. ಹಿಗ್ಗುತ್ತದೆ. ಎರಡು ತುದಿಯನ್ನೂ ಸಿಮೆಂಟಿನಲ್ಲಿ ಬಿಗಿದಿಟ್ಟರೆ ಆ ಒತ್ತಡವೆಲ್ಲ ಎಲ್ಬೊ ಮೇಲೆ ಬೀಳುತ್ತದೆ. ಉದ್ದ ಲೈನಿಗೆ ಒಂದು ಬಳಸುದಾರಿ ಬಿಡಬೇಕು. ಕ್ಲ್ಯಾಂಪು ಪೈಪನ್ನು ಹೊರುವಷ್ಟಿರಲಿ, ಹಿಸುಕುವಷ್ಟಲ್ಲ.

ಕುಡಿಯುವ ನೀರಿಗೆ ಸೀಸದ ಭಯವಿಲ್ಲವೇ? ಈ ಆಕ್ಷೇಪ ನ್ಯಾಯವಾದದ್ದು. ಪಿವಿಸಿ ಪೈಪು, ಫಿಟ್ಟಿಂಗುಗಳಲ್ಲಿ ಸೀಸದ ಸ್ಟೆಬಿಲೈಜರ್ ಕುರಿತು ಕೇಂದ್ರ ಸರ್ಕಾರ 2021ರಲ್ಲಿ ನಿಯಮವನ್ನೇ ತಂದಿದೆ. ಪೈಪಿನ ಮೇಲೆ ಐಎಸ್‌ಐ ಗುರುತು ನೋಡಿ, ಫಿಟ್ಟಿಂಗನ್ನು ಚೀಲದಲ್ಲಿ ಬಿಡಿಬಿಡಿಯಾಗಿ ಕೊಳ್ಳುವವರ ತೊಂದರೆ ಅಲ್ಲೇ ಇರುವುದು: ಅಗ್ಗದ ಎಲ್ಬೊಗೆ ಗುರುತೇ ಇರುವುದಿಲ್ಲ.

ಕೊನೆಯ ಆಕ್ಷೇಪ ಮೇಸ್ತ್ರಿಯದು: ‘ನಾಳೆ ಟೈಲ್ಸಿನವರು ಬರ್ತಾರೆ ಸಾರ್, ಜಾಯಿಂಟು ಗಂಟೆಯಲ್ಲೇ ಒಣಗಿದೆ.’ ಹಿಡಿದದ್ದು ನಿಜ, ಬಲಿತಿಲ್ಲ. ದ್ರಾವಕ ಒಳಗಿನಿಂದ ಪೂರ್ತಿ ಆರಲು ಚಳಿಗಾಲದಲ್ಲಿ ಇನ್ನೂ ಹೊತ್ತು ಬೇಕು. ಒಂದು ಹಗಲು ಒಂದು ರಾತ್ರಿ ಬಿಟ್ಟು, ಎಲ್ಲ ಬಾಯಿಗಳಿಗೂ ಎಂಡ್‌ಕ್ಯಾಪ್ ಹಾಕಿ, ಗಾಳಿ ಹೊರಹೋಗುವಂತೆ ನೀರು ತುಂಬಿ, ಕೈಪಂಪಿನಿಂದ ಒತ್ತಡ ಕೊಟ್ಟು, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ನೋಡಬೇಕು. ಒಂದು ದಿನದ ಕೂಲಿ ಹೋಗುತ್ತದೆ ನಿಜ; ಟೈಲ್ಸ್ ಒಡೆಸುವ ಖರ್ಚಿನೆದುರು ಅದನ್ನು ಮಾಲೀಕರೇ ತೂಗಿ ಮೇಸ್ತ್ರಿಗೆ ಹೇಳಬೇಕು. ಮುಳ್ಳು ನಿಂತಲ್ಲೇ ನಿಂತ ಮೇಲೆ, ಗಾರೆ ಮೆತ್ತುವ ಮೊದಲು, ಪ್ರತಿ ಗೋಡೆಗೂ ಅಳತೆಯ ಟೇಪು ಹಿಡಿದು ಒಂದೊಂದು ಫೋಟೊ ತೆಗೆದಿಡಿ. ಮುಂದೆ ಗೀಸರ್ ಕೂರಿಸಲು ಡ್ರಿಲ್ ಹಿಡಿದು ಬರುವವರಿಗೆ ಅದನ್ನು ತೋರಿಸಬೇಕಾಗುತ್ತದೆ.