ಆಣೆ ಸಾಲದು, ಸಂಗ ಬೇಕು

ಕುಡಿತ ಬಿಡುತ್ತೇನೆ ಎಂದವನನ್ನು ನಮ್ಮ ಹಳ್ಳಿಗಳಲ್ಲಿ ಮೊದಲು ಕರೆದೊಯ್ಯುವುದು ಗುಡಿಗೆ. ಉರಿಯುವ ಕರ್ಪೂರದ ಮೇಲೆ ಕೈಯಿಟ್ಟು ಅವನು ಮಂಜುನಾಥನ ಆಣೆ ಮಾಡುತ್ತಾನೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಆ ಗಳಿಗೆಯಲ್ಲಿ ಅವನ ಮಾತಿನಲ್ಲಿ ಸುಳ್ಳಿಲ್ಲ. ಆದರೂ ಎಷ್ಟೋ ಆಣೆಗಳು ತಿಂಗಳು ತುಂಬುವುದರೊಳಗೆ ಮುರಿಯುತ್ತವೆ. ಆಗ ಕುಡಿತದ ಅವಮಾನದ ಮೇಲೆ ದೇವರಿಗೆ ತಪ್ಪಿ ನಡೆದ ಭಯವೂ ಕೂರುತ್ತದೆ; ಆ ಭಯ ಮರೆಯಲು ಅವನು ಮತ್ತೆ ಕುಡಿಯುತ್ತಾನೆ. ಬಿಡುಗಡೆ ಬರುವುದು ಒಬ್ಬನ ಸಂಕಲ್ಪದಿಂದಲೋ, ನಾಲ್ಕು ಜನರ ಸಂಗದಿಂದಲೋ ಎಂಬ ಹಳೆಯ ಧಾರ್ಮಿಕ ಪ್ರಶ್ನೆ ಇಲ್ಲಿ ಜೀವನ್ಮರಣದ ಪ್ರಶ್ನೆಯಾಗುತ್ತದೆ. ಸಂಕಲ್ಪ ಬಾಗಿಲು ತೆರೆಯಬಲ್ಲದು, ಒಳಗೆ ಉಳಿಸಿಕೊಳ್ಳುವುದು ಸಂಗವೇ ಎಂಬುದು ನನ್ನ ವಾದ.

ನಮ್ಮ ಪರಂಪರೆಗೆ ಇದು ಹೊಸತಲ್ಲ. ಒಳ್ಳೆಯ ಗೆಳೆತನ ಸಾಧನೆಯ ಅರ್ಧ ಭಾಗ ಎಂದ ಆನಂದನನ್ನು ಬುದ್ಧ ತಿದ್ದಿದ, ಅದು ಇಡೀ ಸಾಧನೆಯೇ ಎಂದ. ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ಹೆಂಡ ಮಾರುತ್ತಿದ್ದ ಮಾರಯ್ಯನಿಗೂ ಜಾಗವಿತ್ತು. ಅವನ ವಚನಗಳು ಉಳಿದು ಬಂದಿವೆ. ನಮ್ಮ ನಾಡಿನಾಚೆಯೂ ಇದೇ ಮಾತು. 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ, ಕುಡಿಯುವ ಆಸೆಯೊಡನೆ ಸೆಣಸುತ್ತಿದ್ದ ಷೇರು ವ್ಯವಹಾರಿಯೊಬ್ಬ ತನ್ನಂತೆಯೇ ಕುಡಿತಕ್ಕೆ ಬಿದ್ದಿದ್ದ ವೈದ್ಯನನ್ನು ಹುಡುಕಿಕೊಂಡು ಹೋದ. ಉಪದೇಶ ಮಾಡಲೆಂದಲ್ಲ, ತಾನು ಉಳಿಯಲೆಂದು. ಕುಡಿತ ಬಿಡಬಯಸುವವರು ಸಭೆ ಸೇರುವ ಬಳಗವಾದ ಆಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ.) ಹುಟ್ಟಿದ್ದು ಆ ಮಾತುಕತೆಯಿಂದ. ಇದು ಬರೀ ನಂಬಿಕೆಯ ಮಾತೂ ಅಲ್ಲ. 27 ಅಧ್ಯಯನಗಳನ್ನೂ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನೂ ಒಟ್ಟುಗೂಡಿಸಿದ 2020ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಇಂಥ ಸಭೆಗಳ ದಾರಿ ಹಿಡಿದವರಲ್ಲಿ ವರ್ಷದ ಕೊನೆಗೆ ನೂರಕ್ಕೆ 42 ಮಂದಿ ಪೂರ್ತಿ ಕುಡಿಯದೆ ಉಳಿದರೆ, ಬೇರೆ ಚಿಕಿತ್ಸೆಗಳಲ್ಲಿ ಉಳಿದವರು 35.

ಎಮ್ಮೆದೊಡ್ಡಿಯ ಹತ್ತಿರದ ಮದಗದ ಕೆರೆಯನ್ನು ನೋಡಿದವರಿಗೆ ಉಳಿಸುವುದು ಸಂಗವೇ ಎಂಬ ಮಾತು ಬೇಗ ತಿಳಿಯುತ್ತದೆ. ಏರಿ ಕಟ್ಟಿದ ಮಾತ್ರಕ್ಕೆ ಕೆರೆ ಉಳಿಯುವುದಿಲ್ಲ. ತೂಬು ನೋಡಬೇಕು, ಹೂಳೆತ್ತಬೇಕು, ಏರಿಯ ಮೇಲೆ ಬೆಳೆದ ಗಿಡ ಬೇರುಬಿಡುವ ಮುಂಚೆ ಕೀಳಬೇಕು. ಇದು ಒಬ್ಬನ ಕೈಯಲ್ಲಾಗುವ ಕೆಲಸವಲ್ಲ, ಒಂದು ವರ್ಷಕ್ಕೆ ಮುಗಿಯುವಂಥದ್ದೂ ಅಲ್ಲ. ಕುಡಿತ ಬಿಟ್ಟು ಉಳಿಯುವುದೂ ಹಾಗೆಯೇ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಾಡಿನ ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರ ಸುಮಾರು ಒಂದು ವಾರದ್ದು. ಅದರ ನಿಜವಾದ ಬೆಲೆ ಇರುವುದು ಆಮೇಲಿನ ನವಜೀವನ ಸಮಿತಿಯಲ್ಲಿ, ಶಿಬಿರ ಮುಗಿಸಿದವರು ಮತ್ತೆ ಮತ್ತೆ ಕೂಡುವುದರಲ್ಲಿ. ಹಾಗಾದರೆ ತಕ್ಕ ಸಭೆ ಯಾವುದು? ಒಂದೇ ಪರೀಕ್ಷೆ ಸಾಕು: ಮತ್ತೆ ಕುಡಿದು ಬಿದ್ದವನು ಮರುವಾರ ಬಂದು, "ಮೊನ್ನೆ ಕುಡಿದೆ, ಇವತ್ತು ಎರಡನೇ ದಿನ" ಎಂದಾಗ, ಪಕ್ಕದವನು ಸರಿದು ಜಾಗ ಬಿಟ್ಟು ಟೀ ಲೋಟ ಕೊಡುತ್ತಾನೆಯೇ? ಕೊಟ್ಟರೆ ಅದು ತಕ್ಕ ಸಭೆ.

ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ದೇವರನ್ನು ನಂಬದವನು, ಬೇರೆ ಧರ್ಮದವನು ಇಂಥ ಸಭೆಗೆ ಹೇಗೆ ಬಂದಾನು? ಎ.ಎ. ಸಭೆ ಸೇರಲು ಬೇಕಾದದ್ದು ಕುಡಿತ ಬಿಡುವ ಆಸೆಯೊಂದೇ. ಅದರ ಹನ್ನೆರಡು ಹೆಜ್ಜೆಗಳು ಹೇಳುವ ದೇವರು ಅವರವರು ತಿಳಿದುಕೊಂಡ ದೇವರು. ಎದುರಿಗೆ ಕುಳಿತ ಹತ್ತು ಜನರನ್ನೇ ತನಗಿಂತ ದೊಡ್ಡ ಶಕ್ತಿಯೆಂದು ಒಪ್ಪಿದರೂ ನಡೆದೀತು. ಪೂಜೆಗೆ ಒತ್ತಾಯಿಸುವ ಸಭೆ ಒಗ್ಗದಿದ್ದರೆ ಬೇರೊಂದನ್ನು ಹುಡುಕುವುದು ತಪ್ಪಲ್ಲ. ಚಿಕ್ಕ ಊರಿನಲ್ಲಿ ಗುಟ್ಟು ಉಳಿಯುವುದಿಲ್ಲ ಎನ್ನುವವರಿದ್ದಾರೆ. ನಿಜ, ಆದರೆ ಅವನು ಕುಡಿಯುವುದು ಊರಿಗೆಲ್ಲ ಗೊತ್ತಿದೆ. ಬಿಡಲು ಹೆಣಗುತ್ತಿರುವುದು ಮಾತ್ರ ಯಾರಿಗೂ ಗೊತ್ತಿಲ್ಲ. ಅಷ್ಟಕ್ಕೂ ನಾಚಿಕೆಯಾದರೆ ಬಸ್ಸು ಹತ್ತಿ ಬೇರೆ ಊರಿನ ಸಭೆಗೆ ಹೋಗಲಿ, ಅದು ಹೇಡಿತನವಲ್ಲ. ಬಾಟಲಿ ಬಿಟ್ಟು ಸಭೆಗೆ ಅಂಟಿಕೊಂಡರೆ ಅದೂ ಒಂದು ಚಟವಲ್ಲವೇ ಎಂಬುದು ಮೂರನೆಯ ಆಕ್ಷೇಪ. ಬಾಟಲಿ ಅವನಿಂದ ಕಿತ್ತುಕೊಳ್ಳುತ್ತದೆ. ಸಭೆ ಅವನನ್ನು ಕೊಡುವವನನ್ನಾಗಿ ಮಾಡುತ್ತದೆ. ನಾಳೆ ನಡುಗುವ ಕೈಯೊಡನೆ ಬರುವ ಹೊಸಬನಿಗೆ ಇವನ ಮಾತು ಬೇಕು.

ಒಂದು ಎಚ್ಚರಿಕೆ ಹೇಳಲೇಬೇಕು. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣಕ್ಕೂ ಕುತ್ತಾಗಬಹುದು. ಆದ್ದರಿಂದ ಮೊದಲು ವೈದ್ಯರು, ಜೊತೆಗೇ ಸಭೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಆಣೆ ಮಾಡಿಸಿದ ಮನೆಯವರಲ್ಲಿ ನನ್ನ ಕೋರಿಕೆ ಇಷ್ಟೇ: ಗುಡಿಯವರೆಗೆ ಅವನ ಜೊತೆ ನಡೆದ ನೀವು, ಮುಂದಿನ ವಾರ ಸಭೆಯ ಬಾಗಿಲವರೆಗೂ ನಡೆಯಿರಿ.